ಪುಡಿಗಿಂತ ಮೊದಲು ಬಿಸಿ ಅಳೆಯಿರಿ

ಸಾಕುವ ಹಲ್ಲಿ ಜಾತಿಯ ಬಿಯರ್ಡೆಡ್ ಡ್ರ್ಯಾಗನ್‌ಗೆ ಭೇದಿಯಾದರೆ ಪ್ರೊಬಯಾಟಿಕ್ ಪುಡಿ (ಹೊಟ್ಟೆಗೆ ಒಳ್ಳೆಯದಾದ ಜೀವಂತ ಬ್ಯಾಕ್ಟೀರಿಯಾ ಇರುವ ಪುಡಿ) ಕೊಡಿ, ಅದು ಸಿಗದಿದ್ದರೆ ಮೊಸರು ಕೊಡಿ ಎಂದು ನಾನು ಓದಿದ ಲೇಖನವೊಂದು ಹೇಳುತ್ತದೆ. ಮೊಸರು ದಯವಿಟ್ಟು ಬೇಡ. ಹಲ್ಲಿ ಜಾತಿಯ ಮರಿಗಳು ಹಾಲು ಕುಡಿದು ಬೆಳೆಯುವುದಿಲ್ಲ. ಹಾಲಿನ ಸಕ್ಕರೆ ಅರಗದೆ ಭೇದಿ ಇನ್ನೂ ಹೆಚ್ಚಬಹುದು.

ಮೊದಲು ನೋಡಬೇಕಾದದ್ದು ಅದನ್ನು ಸಾಕುವ ಗಾಜಿನ ಪೆಟ್ಟಿಗೆಯ ಬಿಸಿ. ಮೈ ಕಾಯಿಸುವ ಕಲ್ಲಿನ ಮೇಲ್ಮೈ 38ರಿಂದ 42 ಡಿಗ್ರಿ ಸೆಲ್ಸಿಯಸ್, ತಂಪು ಬದಿ 24ರಿಂದ 28 ಇರಬೇಕು. ಗಾಜಿಗೆ ಅಂಟಿಸುವ ಮುಳ್ಳಿನ ಮೀಟರ್ ನಂಬಬೇಡಿ, ಅದು ಕಲ್ಲಿನ ಬಿಸಿ ಹೇಳುವುದಿಲ್ಲ. ಇನ್‌ಫ್ರಾರೆಡ್ ಗನ್ (ಮುಟ್ಟದೆಯೇ ಬಿಸಿ ತೋರಿಸುವ ಸಾಧನ) ಹಿಡಿದು ಅಳೆಯಿರಿ. ಬಿಸಿ ಸಾಲದಿದ್ದರೆ ತಿಂದ ಹುಳು ಅರಗದೆ ಹೊಟ್ಟೆಯಲ್ಲೇ ಕೊಳೆಯುತ್ತದೆ. ಆಗ ಎಷ್ಟು ದುಬಾರಿ ಪುಡಿ ಹಾಕಿದರೂ ವ್ಯರ್ಥ.

ಎರಡು ದಿನವಾದರೂ ಭೇದಿ ನಿಲ್ಲದಿದ್ದರೆ ತಾಜಾ ಹಿಕ್ಕೆಯನ್ನು ಒಣಗದಂತೆ ಮುಚ್ಚಿದ ಡಬ್ಬಿಯಲ್ಲಿ ಪಶುವೈದ್ಯರಿಗೆ ಒಯ್ಯಿರಿ. ಕಾಕ್ಸಿಡಿಯಾ, ಪಿನ್‌ವರ್ಮ್ ಎಂಬ ಕರುಳಿನ ಪರಾವಲಂಬಿಗಳು ಈ ಪ್ರಾಣಿಯಲ್ಲಿ ಸಾಮಾನ್ಯ. ಅವುಗಳ ಹಾವಳಿ ಹೆಚ್ಚಿದ್ದರೆ ಔಷಧಿಯೇ ಬೇಕು, ಪ್ರೊಬಯಾಟಿಕ್ ಅವನ್ನು ಕೊಲ್ಲುವುದಿಲ್ಲ.

ಆ್ಯಂಟಿಬಯಾಟಿಕ್ ಕೋರ್ಸ್ ಜೊತೆಗೆ ಪ್ರೊಬಯಾಟಿಕ್ ಕೊಡುವುದಕ್ಕೆ ನನ್ನ ತಕರಾರಿಲ್ಲ. ಆದರೆ ಎರಡರ ನಡುವೆ ಕೆಲವು ಗಂಟೆ ಅಂತರವಿರಲಿ, ಇಲ್ಲದಿದ್ದರೆ ಆ ಔಷಧಿ ಪುಡಿಯಲ್ಲಿರುವ ಬ್ಯಾಕ್ಟೀರಿಯಾಗಳನ್ನೂ ಕೊಂದುಬಿಡುತ್ತದೆ. ಪುಡಿಯ ಡಬ್ಬಿಯನ್ನು ಬಿಸಿ ಕೊಡುವ ದೀಪದ ಹತ್ತಿರವಂತೂ ಇಡಲೇಬೇಡಿ, ಬಿಸಿಗೂ ಆ ಬ್ಯಾಕ್ಟೀರಿಯಾ ಸಾಯುತ್ತವೆ.