ಸಾಮರ್ಥ್ಯ ಅಪಾರ, ರೇಟು ಮುಂದಿನ ತಿಂಗಳು

ಟೀ ಕೃಷಿಗೆ ಅಪಾರ ಆರ್ಥಿಕ ಸಾಮರ್ಥ್ಯ ಇದೆಯಂತೆ. ಮೊನ್ನೆ ನೀಲಗಿರಿಯ ನಮ್ಮ ಗೂಡಲೂರಿನ ಕಲ್ಯಾಣ ಮಂಟಪವೊಂದರಲ್ಲಿ ತಜ್ಞರು ಕಾರ್ಯಾಗಾರ ಮಾಡಿ ಹೇಳಿದರು. ನಮ್ಮಂಥ ಅಭಿವೃದ್ಧಿಶೀಲ ದೇಶಕ್ಕೆ ಟೀ ಅಂದರೆ ಹಸಿರು ಚಿನ್ನ. ವಿದೇಶಿ ವಿನಿಮಯ, ಹಳ್ಳಿಗೆ ಉದ್ಯೋಗ, ಹೆಂಗಸರ ಕೈಗೆ ಕಾಸು, ಎಲ್ಲ ಅದರಲ್ಲೇ ಇದೆ. ಪರದೆಯ ಮೇಲೆ ಹಸಿರು ಬಾಣವೊಂದು ಮೇಲಕ್ಕೆ ಏರುತ್ತಲೇ ಇತ್ತು. ಮಂಟಪದ ಹೊರಗೆ ನಿಂತಿದ್ದ, ನಮ್ಮ ಎಲೆಯನ್ನು ಫ್ಯಾಕ್ಟರಿಗೆ ಸಾಗಿಸುವ ಏಜೆಂಟನ ಲಾರಿಗೆ ಆ ಬಾಣದ ಸುದ್ದಿ ಮುಟ್ಟಿರಲಿಲ್ಲ.

ಚಿನ್ನ ಅಂದರೆ ನಮ್ಮ ಕಡೆಯವರು ಸ್ವಲ್ಪ ಹುಷಾರಾಗುತ್ತಾರೆ. ಕಾರಣ ಇದೆ. 1880ರ ಆಸುಪಾಸಿನಲ್ಲಿ ಇದೇ ದೇವಾಲ, ಪಂದಲೂರು ಕಡೆಯ ಗುಡ್ಡಗಳಲ್ಲಿ ಚಿನ್ನ ತುಂಬಿದೆ ಅಂತ ಲಂಡನ್ನಿನಲ್ಲಿ ಗುಲ್ಲೆದ್ದಿತ್ತು. ಕಂಪನಿ ಮೇಲೆ ಕಂಪನಿ ಹುಟ್ಟಿದವು. ಷೇರಿಗೆ ಜನ ಮುಗಿಬಿದ್ದರು. ಯಂತ್ರಗಳು ಕಡಲು ದಾಟಿ ಘಾಟಿ ಹತ್ತಿದವು. ಕಲ್ಲು ಕುಟ್ಟಿ ನೋಡಿದರೆ ಖರ್ಚು ಹುಟ್ಟುವಷ್ಟೂ ಚಿನ್ನ ಇಲ್ಲ. ಕೆಲವೇ ವರ್ಷಗಳಲ್ಲಿ ಎಲ್ಲ ಖಾಲಿ. ಆಗಲೂ ಯಾರೋ ಒಬ್ಬರು ವರದಿ ಬರೆದಿರಬೇಕು, ಅದರಲ್ಲೂ ಸಾಮರ್ಥ್ಯ ಅಪಾರವೇ ಇದ್ದಿರಬೇಕು. ಈಗ ಆ ಗುಡ್ಡಗಳ ಮೇಲೆ ಟೀ ಇದೆ.

ತಜ್ಞರ ಲೆಕ್ಕ ತಪ್ಪು ಅಂತ ನಾನು ಹೇಳುವುದಿಲ್ಲ. ಸುಮಾರು ನಾಲ್ಕೂವರೆ ಕಿಲೋ ಹಸಿ ಎಲೆಗೆ ಒಂದು ಕಿಲೋ ಟೀ ಪುಡಿ ಸಿಗುತ್ತದೆ. ಅಂದರೆ ಒಂದು ಕಿಲೋ ಎಲೆಯಿಂದ 220 ಚಿಲ್ಲರೆ ಗ್ರಾಂ ಪುಡಿ. ಲೋಟಕ್ಕೆ 2 ಗ್ರಾಂ ಹಿಡಿದರೆ ನೂರಕ್ಕೂ ಜಾಸ್ತಿ ಲೋಟ ಟೀ. ಲೋಟಕ್ಕೆ ಬರೀ 12 ರೂಪಾಯಿ ಅಂದರೂ 1,200 ದಾಟಿತು. ಹಾಲು, ಸಕ್ಕರೆ, ಗ್ಯಾಸು, ಅಂಗಡಿ ಬಾಡಿಗೆ ಕಳೆಯಿರಿ. ಪಾಪ, ಟೀ ಅಂಗಡಿಯವನೇನು ಮಹಡಿ ಮೇಲೆ ಮಹಡಿ ಕಟ್ಟಿಲ್ಲ. ಆದರೂ ಸಾಮರ್ಥ್ಯ ಕಣ್ಣಿಗೆ ಹೊಡೆಯುತ್ತದೆ ಅಲ್ವಾ? ಇನ್ನು ಆ ಒಂದು ಕಿಲೋ ಎಲೆ ಬೆಳೆದವನಿಗೆ ಸಿಗುವುದು ಹೆಚ್ಚುಕಮ್ಮಿ ಒಂದು ಲೋಟ ಟೀ ಕುಡಿಯುವಷ್ಟು. ಒಳ್ಳೆಯ ತಿಂಗಳಾದರೆ ಜೊತೆಗೊಂದು ವಡೆ. ಕೊಯ್ದವರ ಕೂಲಿ, ಗೊಬ್ಬರ, ಸಾಗಾಟ ಆ ವಡೆಯಲ್ಲೇ ಹುಟ್ಟಬೇಕು.

ಅದೂ ಕೈಗೆ ಬರುವ ರೀತಿ ಕೇಳಿ. ಜವಳಿ ಅಂಗಡಿಗೆ ಹೋಗಿ ಸೀರೆ ಕಟ್ಟಿಸಿಕೊಂಡು, 'ಇದರ ರೇಟು ಎಷ್ಟು ಅಂತ ಮುಂದಿನ ತಿಂಗಳು ನಾವೇ ಹೇಳಿ ಕಳಿಸ್ತೀವಿ' ಅಂದರೆ ಅಂಗಡಿಯವನು ಏನು ಮಾಡುತ್ತಾನೆ? ಎಲೆ ವ್ಯಾಪಾರ ನಡೆಯುವುದೇ ಹಾಗೆ. ಹರಾಜಿನಲ್ಲಿ ಪುಡಿಗೆ ಬಂದ ಸರಾಸರಿ ನೋಡಿಕೊಂಡು ಟೀ ಬೋರ್ಡು ತಿಂಗಳಿಗೊಮ್ಮೆ ಹಸಿ ಎಲೆಯ ಕನಿಷ್ಠ ಬೆಲೆ ಹೇಳುತ್ತದೆ. ಅಷ್ಟರಲ್ಲಿ ನಮ್ಮ ಎಲೆ ಪುಡಿಯಾಗಿ, ಮೂಟೆಯಾಗಿ, ಹರಾಜು ನಡೆಯುವ ಕೂನೂರು ದಾಟಿರುತ್ತದೆ. ಮಳೆಗಾಲದಲ್ಲಿ ಎಲೆ ಒದ್ದೆ ಅಂತ ನೀರಿನ ತೂಕ ಕಳೆಯುತ್ತಾರೆ. ನ್ಯಾಯವೇ. ಬೇಸಿಗೆಯಲ್ಲಿ ಎಲೆ ಒಣಗಿದೆ ಅಂತ ತೂಕ ಕೂಡಿಸಿಕೊಟ್ಟದ್ದನ್ನು ಮಾತ್ರ ಈವರೆಗೆ ಯಾರೂ ಕಂಡಿಲ್ಲ.

2023ರಲ್ಲಿ ನೀಲಗಿರಿಯ ಬಡಗ ಸಮುದಾಯದ ಬೆಳೆಗಾರರು ಕಿಲೋ ಎಲೆಗೆ ಕನಿಷ್ಠ 33.50 ರೂಪಾಯಿ ಕೊಡಿ ಅಂತ ಉಪವಾಸ ಕೂತರು. ಈ ಅಂಕಿ ಬಾಣದ ಚಿತ್ರದಲ್ಲಿ ಎಲ್ಲೂ ಇರಲಿಲ್ಲ. ಸುಮ್ನೆ ನೆನಪಾಯಿತು.

'ಗುಣಮಟ್ಟ ಕಾಪಾಡಿ,' ಅಂದರು ತಜ್ಞರು. 'ಎರಡೆಲೆ, ಒಂದು ಕುಡಿ ಮಾತ್ರ ಕೊಯ್ಯಿರಿ. ಬೆಲೆ ತಾನಾಗಿಯೇ ಏರುತ್ತೆ.' ತಮಿಳುನಾಡಿನಲ್ಲಿ ಎರಡೆಲೆಗೆ ಬೆಲೆ ಬರುವುದು ಚುನಾವಣೆಯಲ್ಲಿ, ಅಣ್ಣಾ ಡಿಎಂಕೆಯ ಚಿಹ್ನೆಯಾದಾಗ ಮಾತ್ರ ಅಂತ ಹಿಂದಿನ ಸಾಲಿನಿಂದ ಯಾರೋ ಕನ್ನಡದಲ್ಲಿ ಗೊಣಗಿದರು. ನನ್ನ ಪಕ್ಕದ ಹಿರಿಯರು ಎದ್ದು ನಿಂತರು. 'ಸಾರ್, ನಾನು ಎರಡೆಲೇನೇ ಕೊಯ್ತೀನಿ. ಏಜೆಂಟು ಅದನ್ನ ಪಕ್ಕದವನ ನಾಲ್ಕೆಲೆ ಮೇಲೆ ಸುರೀತಾನೆ. ಆಮೇಲೆ ಫ್ಯಾಕ್ಟರಿಯವರಿಗೆ ನನ್ನ ಎಲೆ ಯಾವುದು ಅಂತ ಹೆಂಗೆ ಗೊತ್ತಾಗ್ತದೆ?' 'ತುಂಬಾ ಒಳ್ಳೆಯ ಪ್ರಶ್ನೆ,' ಅಂದರು ತಜ್ಞರು. ಅಲ್ಲಿಗೆ ಉತ್ತರ ಮುಗಿಯಿತು. ಹಿರಿಯರು ಕೂತರು.

ಆಮೇಲೆ ಕೀನ್ಯಾ ಬಂತು. ಟೀ ಬಗ್ಗೆ ಯಾರೇ ಮಾತಾಡಲಿ, ಕೀನ್ಯಾ ಬಂದೇ ಬರುತ್ತದೆ. ಅಲ್ಲಿ ಸಣ್ಣ ಬೆಳೆಗಾರರೇ ಫ್ಯಾಕ್ಟರಿಗಳ ಷೇರುದಾರರು, ತಿಂಗಳಿಗೊಂದು ಕಂತು, ವರ್ಷದ ಕೊನೆಗೆ ಬೋನಸ್. ನಿಜ. 2021ರಲ್ಲಿ ಮೊಂಬಾಸಾ ಹರಾಜಿಗೆ ಕಿಲೋಗೆ 2.43 ಡಾಲರ್ ಕನಿಷ್ಠ ಬೆಲೆ ಕಟ್ಟಿದರು, ಕೊಳ್ಳುವವರಿಲ್ಲದೆ ಪುಡಿ ಗೋದಾಮಿನಲ್ಲಿ ರಾಶಿ ಬಿತ್ತು, ಬೋನಸ್ ಸಾಲದು ಅಂತ ಅಲ್ಲಿನವರೂ ಬೀದಿಗೆ ಬಂದರು ಅನ್ನುವುದೂ ನಿಜ. ಅದಕ್ಕೆ ಪರದೆಯಲ್ಲಿ ಜಾಗ ಸಾಲಲಿಲ್ಲ. ನನಗನಿಸುತ್ತದೆ, ಕೀನ್ಯಾದ ಯಾವುದೋ ಮಂಟಪದಲ್ಲಿ ಇದೇ ಹೊತ್ತಿಗೆ ನೀಲಗಿರಿಯ ಫೋಟೋ ತೋರಿಸಿ ಅಲ್ಲಿನ ರೈತರಿಗೆ ಧೈರ್ಯ ತುಂಬುತ್ತಿರಬಹುದು.

ಸಾಮರ್ಥ್ಯದ ಬಗ್ಗೆ ಯಾರ ಹಂಗಿಗೂ ಬೀಳದ ಅಧ್ಯಯನವೊಂದು ನಮ್ಮಲ್ಲಿ ದಿನಾ ರಾತ್ರಿ ನಡೆಯುತ್ತದೆ. ಆನೆ ಬಾಳೆ ಮುರಿಯುತ್ತದೆ, ಹಲಸು ತಿನ್ನುತ್ತದೆ, ಅಡಿಕೆ ಮರ ಉರುಳಿಸುತ್ತದೆ. ಟೀ ಗಿಡವನ್ನು ತಿನ್ನುವುದಿಲ್ಲ. ನಮ್ಮಲ್ಲಿ ಎಷ್ಟೋ ಜನ ಟೀ ಹಾಕಿದ್ದೂ ಆ ಭರವಸೆಯ ಮೇಲೆಯೇ.

ಕೊನೆಗೆ ಸಹಾಯಧನದ ಮಾತು. ಹಳೇ ಗಿಡ ಕಿತ್ತು ಹೊಸ ತಳಿ ಹಾಕಿ, ಬ್ಯಾಂಕು ಸಾಲ ಕೊಡುತ್ತೆ, ಸರ್ಕಾರ ನೆರವು ಕೊಡುತ್ತೆ ಅಂದರು. ಮಂಟಪದಲ್ಲಿ ಒಂದು ಥರದ ನಗು ಹರಡಿತು. ಗೂಡಲೂರು ಜನ್ಮಂ (ಹಳೇ ಜಮೀನ್ದಾರಿ) ಎಸ್ಟೇಟುಗಳ ರದ್ದತಿ ಕಾಯಿದೆ ಬಂದದ್ದು 1969ರಲ್ಲಿ. ಅದರ 17ನೇ ಸೆಕ್ಷನ್ನಿಗೆ ಸೇರುವ, ಅಂದರೆ ಹಿಂದೆ ತೋಟಕ್ಕೆ ಗುತ್ತಿಗೆ ಕೊಟ್ಟಿದ್ದ ಜಾಗದ ಗೋಜಲು ಅರ್ಧ ಶತಮಾನ ದಾಟಿದರೂ ಬಿಡಿಸಿಕೊಂಡಿಲ್ಲ. ಅಲ್ಲಿ ಮನೆ ಇದೆ, ರೇಷನ್ ಕಾರ್ಡಿದೆ, ವೋಟಿದೆ, ಮಂಡಿಯೆತ್ತರದ ಟೀ ಗಿಡ ಇದೆ. ಬ್ಯಾಂಕಿಗೆ ತೋರಿಸಲು ಪಟ್ಟಾ ಇಲ್ಲ. ಆ ಎಲೆಯಿಂದ ಆದ ಪುಡಿ ರಫ್ತಾಗಬಹುದು, ವಿದೇಶಿ ವಿನಿಮಯ ತರಬಹುದು. ಗಿಡ ಯಾರ ನೆಲದಲ್ಲಿ ನಿಂತಿದೆ ಅಂತ ಮಾತ್ರ ಕೇಳಬಾರದು.

ಈ ವಿಷಯ ಎತ್ತಿದಾಗ, ಅದು ಬೇರೆ ಇಲಾಖೆ ಅಂದರು. ಊಟಕ್ಕೆ ಮುಂಚೆ ಎಲ್ಲರಿಗೂ ಒಂದೊಂದು ಫಾರಂ ಹಂಚಿದರು. ಮುಂದಿನ ತಿಂಗಳು ಮೌಲ್ಯವರ್ಧನೆ ಬಗ್ಗೆ ಎರಡು ದಿನದ ತರಬೇತಿ, ಪ್ರವೇಶ ಉಚಿತ. ಜೊತೆಗೆ ತರಬೇಕಾದ್ದು ಎರಡು ಫೋಟೋ, ಆಧಾರ್ ನಕಲು, ಜಮೀನಿನ ಪಟ್ಟಾ ನಕಲು.