ಬೀಟೆ ಎರಡನೆಯ ದರ್ಜೆಯ ಮರವಲ್ಲ

ಮೊನ್ನೆ ಬೆಂಗಳೂರಿನಲ್ಲಿ ಗಿಟಾರ್ ಸಂಗ್ರಾಹಕರೊಬ್ಬರ ಮನೆಗೆ ಹೋಗಿದ್ದೆ. ಗೋಡೆಯುದ್ದಕ್ಕೂ ಎಲೆಕ್ಟ್ರಿಕ್ ಗಿಟಾರ್‌ಗಳು. ಒಂದನ್ನು ಕೈಗೆತ್ತಿಕೊಂಡು, ಇದರ ಫ್ರೆಟ್‌ಬೋರ್ಡ್, ಅಂದರೆ ಕತ್ತಿನ ಮೇಲೆ ಬೆರಳೊತ್ತುವ ಮರದ ಪಟ್ಟಿ, ಬ್ರೆಜಿಲಿಯನ್ ರೋಸ್‌ವುಡ್ಡಿನದು ಎಂದು ಭಕ್ತಿಯಿಂದ ವಿವರಿಸಿದ ಅವರು, ಅದರ ಪಕ್ಕದ್ದನ್ನು ತೋರಿಸಿ, ‘ಇದು ಬರೀ ಇಂಡಿಯನ್’ ಎಂದು ಮುಂದೆ ನಡೆದರು. ಇಂಡಿಯನ್ ರೋಸ್‌ವುಡ್ ಎಂದರೆ ನಮ್ಮ ಬೀಟೆ. ಸಕಲೇಶಪುರದ ಕಾಫಿ ತೋಟದಲ್ಲಿ ಬೀಟೆಯ ನೆರಳಲ್ಲಿ ಬೆಳೆದ ನನಗೆ ಆ ತಾತ್ಸಾರವನ್ನು ಸಹಿಸಲಾಗಲಿಲ್ಲ.

ಬ್ರೆಜಿಲ್‌ನ ಅಟ್ಲಾಂಟಿಕ್ ಕರಾವಳಿಯ ಕಾಡಿನ ಆ ಮರ ಚೆಲುವಾದದ್ದೇ, ನಿಜ. ಆದರೆ ಅದಕ್ಕೆ ಇಂದು ಬಂದಿರುವ ಬೆಲೆ ಮುಖ್ಯವಾಗಿ ಅದರ ಅಭಾವದ್ದು: ಕಡಿದು ಕಡಿದು ಕಾಡು ಬರಿದಾದ ಮೇಲೆ, 1992ರಲ್ಲಿ ಅದನ್ನು ಅಳಿವಿನಂಚಿನ ಜೀವಜಾತಿಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಅತ್ಯಂತ ಕಟ್ಟುನಿಟ್ಟಿನ ಪಟ್ಟಿಯಾದ ಮೊದಲನೆಯ ಅನುಬಂಧಕ್ಕೆ ಸೇರಿಸಬೇಕಾಯಿತು. ಅದರ ಸ್ಥಾನವನ್ನು ತುಂಬಿ, ಲೆಕ್ಕವಿಲ್ಲದಷ್ಟು ಗಿಟಾರ್‌ಗಳ ಕತ್ತಿನ ಮೇಲೆ ದಶಕಗಳ ಕಾಲ ಬೆರಳುಗಳ ಉಜ್ಜಾಟವನ್ನು ತಾಳಿಕೊಂಡು ಬಂದದ್ದು ನಮ್ಮ ಬೀಟೆ. ಪಟ್ಟಿಗೆ ಅಡ್ಡಲಾಗಿ ಕೂರಿಸಿದ ಹಳೆಯ ಲೋಹದ ಗೆರೆಯನ್ನು, ಅಂದರೆ ಫ್ರೆಟ್ಟನ್ನು, ತೆಗೆದು ಹೊಸದು ಕೂರಿಸುವಾಗ ಹತ್ತಿರದಿಂದ ನೋಡಿ: ಕಂದು ಬಣ್ಣದ ನಡುವೆ ನೇರಳೆಯ ಗೆರೆಗಳು ಓಡುತ್ತವೆ, ತುಸು ಎಣ್ಣೆ ಸವರಿದೊಡನೆ ಒಣಗಿದ್ದ ಮರ ಕಪ್ಪಿಗೆ ತಿರುಗುತ್ತದೆ.

ನಾದದಲ್ಲಿ ವ್ಯತ್ಯಾಸವಿದೆಯಲ್ಲ ಎಂದು ಅವರು ವಾದಿಸಿದರು. ಅಕೂಸ್ಟಿಕ್ ಗಿಟಾರ್‌ನಲ್ಲಿ ಆ ವಾದಕ್ಕೆ ಜಾಗವಿದ್ದೀತು, ಅಲ್ಲಿ ಇಡೀ ಪೆಟ್ಟಿಗೆಯೇ ಮರದ್ದು. ಎಲೆಕ್ಟ್ರಿಕ್ ಗಿಟಾರ್‌ನಲ್ಲಿ ತಂತಿಗಳ ಕೆಳಗಿನ ಪಿಕಪ್ ಎಂಬ ಸಾಧನದ ಅಯಸ್ಕಾಂತವು ಹಿಡಿಯುವುದು ಉಕ್ಕಿನ ತಂತಿಯ ಕಂಪನವನ್ನು. ಫ್ರೆಟ್‌ಬೋರ್ಡ್ ಎನ್ನುವುದು ಕೆಲವೇ ಮಿಲಿಮೀಟರ್ ದಪ್ಪದ ಪಟ್ಟಿ, 1962ರಲ್ಲಿ ಗಿಟಾರ್ ತಯಾರಿಸುವ ಫೆಂಡರ್ ಕಂಪನಿ ಅದನ್ನು ಇನ್ನಷ್ಟು ತೆಳುವಾಗಿಸಿತ್ತು. ಬ್ರಿಟಿಷ್ ಬ್ಲೂಸ್ ಗಿಟಾರ್ ವಾದಕ ಪೀಟರ್ ಗ್ರೀನ್ ನುಡಿಸಿದ 1959ರ ಲೆಸ್ ಪಾಲ್ ಗಿಟಾರ್‌ನ ಆ ವಿಶಿಷ್ಟ ಟೊಳ್ಳು ದನಿಗೆ ಕಾರಣ ಮರವಲ್ಲ, ಒಂದು ಪಿಕಪ್ಪಿನಲ್ಲಿ ಅಯಸ್ಕಾಂತ ತಿರುಗುಮುರುಗಾಗಿ ಕೂತದ್ದು. ವುಡ್‌ಸ್ಟಾಕ್ ಸಂಗೀತೋತ್ಸವದಲ್ಲಿ ರಾಕ್ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಕೈಯಲ್ಲಿದ್ದ ಫೆಂಡರ್ ಸ್ಟ್ರಾಟೊಕ್ಯಾಸ್ಟರ್ ಗಿಟಾರ್‌ನ ಫ್ರೆಟ್‌ಬೋರ್ಡ್ ಮೇಪಲ್ ಮರದ್ದು, ಅಮೆರಿಕದಲ್ಲಿ ಧಾರಾಳವಾಗಿ ಸಿಗುವ ಮರ. ಅದನ್ನು ಯಾರೂ ‘ಬರೀ ಮೇಪಲ್’ ಎನ್ನುವುದಿಲ್ಲ. ಬೀಟೆಗೆ ಮಾತ್ರ ಈ ಅವಮಾನವೇಕೆ?

ಸಂಗ್ರಾಹಕರಿಲ್ಲದಿದ್ದರೆ ಹಳೆಯ ವಾದ್ಯಗಳು ಉಳಿಯುತ್ತಿರಲಿಲ್ಲ ಎಂಬ ಮಾತನ್ನು ಒಪ್ಪುತ್ತೇನೆ. ಆದರೆ ವಾದ್ಯವನ್ನು ಉಳಿಸುವುದಕ್ಕೂ ಮರಕ್ಕೆ ಮೇಲು ಕೀಳು ಕಟ್ಟುವುದಕ್ಕೂ ಸಂಬಂಧವಿಲ್ಲ. ಅಭಾವವನ್ನೇ ಗುಣವೆಂದು ಪೂಜಿಸುವವರಿಗೆ ಬೀಟೆ ಕಾಣಿಸುವುದು ಅದೂ ಅಪರೂಪವಾದ ಮೇಲೆಯೇ ಎಂಬುದು ನನ್ನ ನಿಜವಾದ ಸಿಟ್ಟು. ಅದು ಈಗಾಗಲೇ ಅಪಾಯದಂಚಿನ ಮರಗಳ ಪಟ್ಟಿಯಲ್ಲಿದೆ. 2017ರಲ್ಲಿ ಬೀಟೆಯ ಕುಲದ ಅಷ್ಟೂ ಜಾತಿಗಳು ಸೈಟಿಸ್ ನಿಯಂತ್ರಣಕ್ಕೆ ಬಂದವು. 2019ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತಾದರೂ ಮರದ ಮೇಲಿನ ನಿಗಾ ಹೋಗಿಲ್ಲ. ನಮ್ಮ ಸ್ವಂತ ತೋಟದ ಬೀಟೆಯನ್ನೂ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನಾವು ಮುಟ್ಟುವಂತಿಲ್ಲ, ಹಾಗಿರುವುದೇ ಸರಿ. ಅಜ್ಜ ತೋಟ ಮಾಡುವಾಗಲೇ ದೊಡ್ಡದಾಗಿದ್ದ ಮರ ಅದು. ಗಿಟಾರ್ ಸಂಗ್ರಹಿಸುವ ಗೆಳೆಯರು ಬ್ರೆಜಿಲ್‌ನ ಮರದ ವಂಶಾವಳಿಯನ್ನು ಹುಡುಕುವ ಶ್ರದ್ಧೆಯಲ್ಲೇ, ತಮ್ಮ ಗೋಡೆಯ ಮೇಲಿರುವ ಬೀಟೆ ಯಾವ ಕಾಡಿನಿಂದ, ಯಾವ ಪರವಾನಗಿಯಡಿ ಬಂತು ಎಂದು ಮಾರಿದವರನ್ನು ಕೇಳಲಿ.