ಫ್ರೇಮ್ ಬಂತು, ಚಕ್ರ ಕೂರಲಿಲ್ಲ

ಹಳೆ ಸೈಕಲ್ಲಿನ ಸಾಮಾನೆಲ್ಲ ಗಟ್ಟಿಮುಟ್ಟಾಗಿದೆ, ಫ್ರೇಮ್ ಒಂದು ಬದಲಾಯಿಸಿದರೆ ಸಾಕು ಅಂತ ಸೆಕೆಂಡ್ ಹ್ಯಾಂಡ್ ಫುಲ್ ಸಸ್ಪೆನ್ಶನ್ ಫ್ರೇಮ್ (ಹಿಂದೆಯೂ ಕುಲುಕು ತಡೆಯುವಂಥದ್ದು) ತಗೊಂಡೆ. ಮೂರು ವಾರ ಆಯ್ತು ಮಾರಾಯ್ರೆ, ಮಣಿಪಾಲದ ನಮ್ಮ ಮನೆ ಜಗಲಿಯಲ್ಲಿ ಅದು ಇನ್ನೂ ಹಾಗೆಯೇ ಬಿದ್ದಿದೆ.

ನನ್ನ ಹಿಂಬದಿ ಚಕ್ರದ ಹಬ್, ಅಂದರೆ ಕಡ್ಡಿಗಳು ಸೇರುವ ನಡುಭಾಗ, 135 ಮಿ.ಮೀ. ಅಗಲ; ಕೈಯಲ್ಲೇ ಬಿಚ್ಚುವ ಕ್ವಿಕ್ ರಿಲೀಸಿನದ್ದು. ಫ್ರೇಮಿಗೆ ಬೇಕಾದ್ದು 148, ಅದೂ 12 ಮಿ.ಮೀ. ಥ್ರೂ ಆಕ್ಸಲ್, ಹಬ್ಬಿನೊಳಗೆ ತೂರಿಸಿ ಫ್ರೇಮಿಗೆ ಬಿಗಿಯುವ ದಪ್ಪ ಅಚ್ಚು. ಚಕ್ರ ಇಟ್ಟು ನೋಡಿದರೆ ಎರಡೂ ಬದಿ ಪೆನ್ಸಿಲ್ ದಪ್ಪದ ಸಂದು. ಸೀಟ್ ಪೋಸ್ಟ್ 27.2, ಫ್ರೇಮಿನ ಕೊಳವೆ 31.6. ಅದಕ್ಕಾದರೆ ಶಿಮ್ (ಸಂದು ತುಂಬುವ ತೆಳು ಕೊಳವೆ) ಹಾಕಬಹುದು. ಫೋರ್ಕಿಗೂ ಅದು ತಿರುಗುವ ಬೇರಿಂಗ್ ಜೋಡಿ, ಅಂದರೆ ಬೇರೆ ಹೆಡ್‌ಸೆಟ್ ತಂದರೆ ಆದೀತು. ಆದರೆ ಹಿಂದಿನ ಚಕ್ರ? ಹೊಸ ಹಬ್ ತಂದು, ಕಡ್ಡಿಗಳನ್ನು ಬಿಚ್ಚಿ ಮತ್ತೆ ಮೊದಲಿನಿಂದ ಕಟ್ಟಿಸಬೇಕು. ಕಟ್ಟುವ ಕೈ ಉಡುಪಿಯಲ್ಲಿ ಹುಡುಕಬೇಕು.

"ಎಲ್ಲ ಕೂರ್ತದೆ" ಅಂದಿದ್ದರು ಮಾರಿದವರು. ಅಳತೆ ಕೇಳಿದರೆ ಫೋಟೋ ಕಳಿಸಿದರು. ಫೋಟೋದಲ್ಲಿ ಮಿಲಿಮೀಟರ್ ಕಾಣ್ತದಾ?

ಫ್ರೇಮಿನ ಹಿಂಭಾಗ ಮೇಲೆ ಕೆಳಗೆ ಆಡುವ ಲಿಂಕೇಜಿನ ಬೇರಿಂಗ್ ಬೆರಳಲ್ಲಿ ತಿರುಗಿಸಿದೆ. ಕರಕರ ಅಂತು, ಸೀಲ್ ಎಬ್ಬಿಸಿದಾಗ ಕೆಂಪು ತುಕ್ಕಿನ ನೀರು ಬೆರಳಿಗೆ ಅಂಟಿತು. ನಮ್ಮ ಕರಾವಳಿಯ ಉಪ್ಪುಗಾಳಿ, ಮಳೆ ಎರಡನ್ನೂ ಕುಡಿದ ಬೇರಿಂಗ್ ಅದು. ಮಾರುವ ಮೊದಲು ಒಮ್ಮೆ ಬಿಚ್ಚಿ ನೋಡಲಿಕ್ಕೆ ಏನು ಕಷ್ಟ?

ಕಂಪನಿಗಳ ಮೇಲೂ ಸಿಟ್ಟಿದೆ. ಹಬ್ಬಿನ ಅಗಲ 135 ಆಯ್ತು, 142 ಆಯ್ತು, ಆಮೇಲೆ 148. ಸವೆಯದ ಹಬ್ಬನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರುವುದಿಲ್ಲ. ಐದು ವರ್ಷ ಗ್ರೀಸ್ ಹಾಕಿ ಸಾಕಿದ ಹಬ್ ಅದು.